ಕಾಲು ನೆಲ ಬಿಡದಂಗೆ ಮಾಡು ಎಂದು ಕೇಳಿದ್ದೆ

ತಾಯಿಯನ್ನು ನಂಬಿದ ಎಲ್ಲರಿಗೂ ಸವಳಂಗದಿಂದ ಹಾಲಮ್ಮ ಕೈಮುಗಿದು ಬರೆಯುವುದು.

ಹೋದ ವರ್ಷ ಶ್ರಾವಣದಲ್ಲಿ ನನ್ನ ತಂಗಿ ನಾಗವೇಣಿ ಚನ್ನಗಿರಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಉಳುಕಿಸಿಕೊಂಡಳು. ಅವಳು ಬಿದ್ದ ಹೊತ್ತಿಗೆ ನಾನು ಸವಳಂಗದ ನಮ್ಮ ಮನೆಯಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಆದರೂ ಅವಳನ್ನು ಬೀಳಿಸಿದವಳು ನಾನೇ ಎನ್ನುವುದು ನನಗೆ ಮತ್ತು ಮರಡಿ ಚೌಡಮ್ಮ ತಾಯಿಗೆ ಮಾತ್ರ ಗೊತ್ತಿತ್ತು. ತಾಯಿಯ ಮಹಿಮೆ ಹೇಳುವ ಇಂಥ ಪತ್ರಗಳಲ್ಲಿ ಬೇರೆ ಭಕ್ತರು ತಮಗೆ ಬಂದ ಕಷ್ಟ ಬರೆಯುತ್ತಾರೆ. ನಾನು ತಂದಿಟ್ಟ ಕಷ್ಟ ಬರೆಯುತ್ತಿದ್ದೇನೆ. ತಾಯಿ ಅದನ್ನು ಹೇಗೆ ನೆಟ್ಟಗೆ ಮಾಡಿದಳು ಎಂದು ಕೇಳಿದರೆ ನಿಮಗೂ ನಗು ಬರುತ್ತದೆ. ನನಗಂತೂ ಇನ್ನೂ ನಕ್ಕು ಮುಗಿದಿಲ್ಲ.

ನಮ್ಮ ತವರು ಜಗಳೂರಿನ ಕಡೆ. ಅಪ್ಪನಿಗೆ ಕುರಿ ಇದ್ದವು, ಈಗಲೂ ಇವೆ. ಅವ್ವ ತೀರಿಕೊಂಡಾಗ ನಾನು ಆರನೇ ಕ್ಲಾಸು. ನಾಗವೇಣಿಗೆ ಆಗ ಹಲ್ಲು ಬಂದಿದ್ದವು, ಮಾತು ಬಂದಿರಲಿಲ್ಲ. ನಾನು ಶಾಲೆ ಬಿಟ್ಟು ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುರಿ ಹಿಂದೆ ನಡೆದೆ. ಅವಳು ದೊಡ್ಡವಳಾದ ಮೇಲೆ ಇಬ್ಬರೂ ನಡೆದೆವು. ನನ್ನ ಮದುವೆಯಾಗಿ ಸವಳಂಗಕ್ಕೆ ಬರುವಾಗ ಅವಳೂ ನನ್ನ ಜೊತೆಗೇ ಬಂದಳು. ಕುರಿಯವರು ಕುರಿಯ ಜೊತೆ ಮರಿಯನ್ನೂ ಕೊಟ್ಟಿದ್ದಾರೆ ಎಂದು ಬೀಗರು ಆಡಿಕೊಂಡರು. ನಮ್ಮ ಯಜಮಾನರು ರುದ್ರೇಶ ಅಂತ, ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಹಾಕುತ್ತಾರೆ. ಅವರು ಒಂದು ದಿನವೂ ಯಾಕೆ ಕರೆದುಕೊಂಡು ಬಂದೆ ಎನ್ನಲಿಲ್ಲ. ನಾನು ಪಕ್ಕದ ಹೋಟೆಲಿಗೆ ರೊಟ್ಟಿ ಮಾಡಿಕೊಡುತ್ತೇನೆ. ನಾಗವೇಣಿ ಶಾಲೆಗೆ ಹೋಗುವ ಮುಂಚೆ ಹಿಟ್ಟು ನಾದಿಟ್ಟು ಹೋಗುತ್ತಿದ್ದಳು.

ಅವಳು ಹೊನ್ನಾಳಿ ಹೈಸ್ಕೂಲಿಗೆ ಹೋಗುವಾಗ ಅಲ್ಲಿನ ಆಟದ ಮೇಷ್ಟ್ರು ಇವಳ ನಡಿಗೆ ನೋಡಿ ನಡಿಗೆ ಸ್ಪರ್ಧೆಗೆ ಸೇರಿಸಿದರು. ನಡೆಯುವುದೂ ಒಂದು ಆಟವೇ ಎಂದು ನಾನು ಕೇಳಿದ್ದೆ. ಆಟವಂತೆ. ಓಡಬಾರದಂತೆ, ನಡೆದೇ ಗೆಲ್ಲಬೇಕಂತೆ. ಬೆಳಿಗ್ಗೆ ನ್ಯಾಮತಿ ರಸ್ತೆಯಲ್ಲಿ ಅವಳು ಸೊಂಟ ತಿರುಗಿಸುತ್ತಾ ದಡದಡ ನಡೆಯುವುದನ್ನು ನೋಡಿ ಓಣಿಯ ಹುಡುಗರು ಹಿಂದೆ ಹಾಗೇ ನಡೆದು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ನಾನು ಆ ರಸ್ತೆಗೆ ಹೋಗುತ್ತಲೇ ಇರಲಿಲ್ಲ.

ಒಂದು ಸಲ ರಾಜ್ಯಮಟ್ಟದ ಸ್ಪರ್ಧೆಗೆ ಹೋದವಳು ಅಳುತ್ತಾ ಬಂದಳು. ಅರ್ಧದಲ್ಲೇ ಹೊರಗೆ ಹಾಕಿದರು ಎಂದಳು. ಯಾಕೆ ಹಾಕಿದರು ಎಂದು ನಾನು ಕೇಳಲಿಲ್ಲ. ಬಿಡು, ಉಣ್ಣು ಎಂದು ಬಿಸಿ ರೊಟ್ಟಿ ಹಾಕಿದೆ. ಅವಳು ಉಂಡಳು. ಅಷ್ಟಕ್ಕೇ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಮುಂದೆ ಅವಳು ಚನ್ನಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದಿದಳು. ಆಮೇಲೆ ಬೆಂಗಳೂರಿನ ಕ್ಯಾಂಪಿಗೆ ಆಯ್ಕೆಯಾದಳು. ಹೋದ ವರ್ಷ ಒಂದು ದಿನ ಫೋನು ಬಂತು. ನಮ್ಮ ದೇಶವೂ ಸುತ್ತಲಿನ ದೇಶಗಳೂ ಸೇರಿ ನಡೆಸುವ ಓಟ, ಜಿಗಿತ, ಎಸೆತದ ದೊಡ್ಡ ಕೂಟ ಕೊಲಂಬೊದಲ್ಲಿ ಇದೆ, ಅದಕ್ಕೆ ನಮ್ಮ ದೇಶದ ಪರವಾಗಿ ಹೋಗುವವರಲ್ಲಿ ತಾನೂ ಒಬ್ಬಳು ಎಂದಳು. ನಾನು ಸಂತೋಷದಿಂದ ಓಣಿಗೆಲ್ಲ ಸಕ್ಕರೆ ಹಂಚಿದೆ. ಇದು ಸುಳ್ಳಲ್ಲ. ಸಂತೋಷವೂ ನಿಜ, ಆಮೇಲೆ ಆದದ್ದೂ ನಿಜ.

ಹೊರಡುವ ಮುಂಚೆ ಅವಳಿಗೆ ನಾಲ್ಕಾರು ದಿನ ರಜೆ ಕೊಟ್ಟಿದ್ದರು. ಅಷ್ಟರಲ್ಲಿ ನ್ಯಾಮತಿಯಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡರು. ಶಾಮಿಯಾನ, ಮೈಕು, ಹಾರ, ಎಲ್ಲ ಇತ್ತು. ನಾನು ಮದುವೆಯ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ಅವಳು ಮೈಕು ಹಿಡಿದು ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ಇವಳಿಗೆ ಇದನ್ನೆಲ್ಲ ಯಾರು ಕಲಿಸಿದರು ಎನಿಸಿತು. ಹೊನ್ನಾಳಿ ಮೇಷ್ಟ್ರನ್ನು ನೆನೆದಳು. ಕಾಲೇಜಿನವರನ್ನು, ಹಾಸ್ಟೆಲಿನ ಅಡುಗೆಯವರನ್ನು, ಅಪ್ಪನನ್ನು, ಭಾವನನ್ನು ನೆನೆದಳು. ಬೆಳಿಗ್ಗೆ ಅಭ್ಯಾಸ ಮಾಡುವಾಗ ಪಕ್ಕದಿಂದ ನಿಧಾನಕ್ಕೆ ಬಸ್ಸು ದಾಟಿಸುತ್ತಿದ್ದ ಡ್ರೈವರುಗಳನ್ನೂ ನೆನೆದಳು. ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದೆ. ಅವಳು ನಮಸ್ಕಾರ ಹೇಳಿ ಕೂತುಬಿಟ್ಟಳು.

ಮರೆತಿರುತ್ತಾಳೆ ಬಿಡು ಎಂದು ಯಜಮಾನರು ಮೆಲ್ಲಗೆ ಹೇಳಿದರು. ಅದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಹಿಂದೆ ಕೂತಿದ್ದ ನಮ್ಮ ಓಣಿಯ ಹೆಂಗಸೊಬ್ಬಳು ನನ್ನ ಭುಜ ತಟ್ಟಿದಳು.

"ಇನ್ನೇನು ವಿಮಾನ ಹತ್ತೋಳು. ಅವಳ ಕಾಲು ಈಗ ನೆಲದ ಮೇಲೆ ಎಲ್ಲಿ ನಿಲ್ತಾವೆ ಬಿಡು ಹಾಲವ್ವ."

ಆ ಮಾತು ಹೊಟ್ಟೆಯೊಳಗೆ ಕೂತಿತು. ಸಂಜೆ ಮನೆಗೆ ಬಂದ ಮೇಲೆ ನಾಗವೇಣಿ ಊಟಕ್ಕೆ ಕೂತು ಎರಡು ರೊಟ್ಟಿ ತಿಂದು ಸಾಕು ಎಂದಳು. ಕ್ಯಾಂಪಿನವರು ಕೊಟ್ಟ ಊಟದ ಚಾರ್ಟಿನಲ್ಲಿ ಎರಡೇ ಇದೆ ಎಂದಳು. ನನ್ನ ಕೈಯ ರೊಟ್ಟಿಗೆ ಯಾರೋ ಬೆಂಗಳೂರಿನವರು ಲೆಕ್ಕ ಹಾಕಿದ್ದಾರೆ ಎಂದು ಅದೂ ನನಗೆ ಉರಿಯಿತು. ವಿಮಾನದ ಚಿತ್ರ ತೋರಿಸಲು ಫೋನು ಹಿಡಿದುಕೊಂಡು ಬಂದಳು. ನಿದ್ದೆ ಬರುತ್ತಿದೆ ಎಂದು ಗೋಡೆಗೆ ಮುಖ ಮಾಡಿ ಮಲಗಿದೆ.

ಮಾರನೆಯ ದಿನ ಶುಕ್ರವಾರ. ನಾಗವೇಣಿ ತನ್ನ ಕಾಲೇಜಿಗೆ ಸಿಹಿ ಕೊಟ್ಟು ಬರುತ್ತೇನೆಂದು ಚನ್ನಗಿರಿಗೆ ಬೆಳಗಿನ ಬಸ್ಸಿಗೆ ಹೋದಳು. ನಾನು ಮರಡಿ ಹತ್ತಿ ತಾಯಿಯ ಗುಡಿಗೆ ಹೋದೆ. ಅಲ್ಲಿ ಪೂಜೆ ಮಾಡುವ ಅಜ್ಜಿಯನ್ನು ನಮ್ಮ ಭಕ್ತರೆಲ್ಲ ಬಲ್ಲಿರಿ. ಹೂ ಕೇಳಬೇಕು ಎಂದೆ. ಅಜ್ಜಿ ನೀರಲ್ಲಿ ಅದ್ದಿದ ಹೂಗಳನ್ನು ತಾಯಿಯ ಎರಡೂ ಕಡೆ ಅಂಟಿಸಿದಳು. ಬಲಗಡೆಯ ಹೂ ಬಿದ್ದರೆ ಕೇಳಿದ್ದು ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ ಎನ್ನುವುದು ನಿಮಗೆ ಗೊತ್ತೇ ಇದೆ. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕೇಳಿದೆ. ಆ ಮಾತನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತೇನೆ.

"ತಾಯಿ, ನನ್ನ ತಂಗಿ ಕಾಲು ನೆಲದ ಮೇಲೆ ನಿಲ್ತಿಲ್ಲ. ಅವಳ ಕಾಲು ನೆಲ ಬಿಡದಂಗೆ ಮಾಡು. ನಿನಗೆ ಹಸಿರು ಸೀರೆ ಉಡಿಸ್ತೀನಿ."

ವಿಮಾನ ಹತ್ತಬಾರದು, ಕೊಲಂಬೊಗೆ ಹೋಗಬಾರದು, ಮೊದಲಿನ ಹಾಗೆ ಹಿಟ್ಟು ನಾದಿಕೊಂಡು ನನ್ನ ಪಕ್ಕ ಕೂರಬೇಕು ಎನ್ನುವುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ಕಣ್ಣು ಬಿಡುವಷ್ಟರಲ್ಲಿ ಬಲಗಡೆಯ ಹೂ ಬಿತ್ತು. ಅಜ್ಜಿ ಗಂಟೆ ಬಾರಿಸಿ, ಒಳ್ಳೇದಾಯ್ತು ನಡಿಯವ್ವ ಎಂದಳು. ನಾನು ಹೂವನ್ನು ಸೆರಗಿಗೆ ಕಟ್ಟಿಕೊಂಡು ಇಳಿದು ಬಂದೆ. ಮನೆಗೆ ಬಂದು ಒಲೆ ಹಚ್ಚಿದೆ.

ಮಧ್ಯಾಹ್ನದ ರೊಟ್ಟಿ ಇನ್ನೂ ಮುಗಿದಿರಲಿಲ್ಲ, ಯಜಮಾನರು ಟೈರಿನ ಕರಿ ಹತ್ತಿದ ಕೈಯಲ್ಲೇ ಓಡಿ ಬಂದರು. ನಾಗವೇಣಿ ಚನ್ನಗಿರಿಯಲ್ಲಿ ಬಸ್ಸು ಇಳಿಯುವಾಗ ಕಾಲು ಚರಂಡಿಯ ಕಲ್ಲಿಗೆ ಹೊರಳಿ ಬಿದ್ದಿದ್ದಾಳೆ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದರು. ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಹಂಚಿನ ಮೇಲೆ ಬಿತ್ತು.

ಹೊನ್ನಾಳಿಗೆ ಬಂದು ಬಸ್ಸು ಬದಲಿಸಿ, ಸಾಸ್ವೆಹಳ್ಳಿ ಮೇಲೆ ಚನ್ನಗಿರಿಗೆ ಹೋದೆವು. ಆ ಬಸ್ಸು ಕೈ ತೋರಿಸಿದ ಕಡೆಯೆಲ್ಲ ನಿಂತಿತು. ಒಬ್ಬರು ಕೋಳಿ ಹತ್ತಿಸಿದರು, ಒಬ್ಬರು ಪಂಪ್‌ಸೆಟ್ಟಿನ ಪೈಪು ಹತ್ತಿಸಿದರು. ಯಜಮಾನರು ಧೈರ್ಯ ಹೇಳುತ್ತಲೇ ಇದ್ದರು. ನನಗೆ ಅದೊಂದೂ ಕೇಳಿಸಲಿಲ್ಲ. ಸೆರಗಿನ ಗಂಟಿನಲ್ಲಿ ಆ ಹೂ ಹಾಗೇ ಇತ್ತು. ಕಿಟಕಿಯಿಂದ ಎಸೆಯಲು ಎರಡು ಸಲ ಗಂಟು ಬಿಚ್ಚಿದೆ. ತಾಯಿಯ ಪ್ರಸಾದ, ಎಸೆಯುವ ಧೈರ್ಯವಾಗಲಿಲ್ಲ. ಮತ್ತೆ ಕಟ್ಟಿದೆ.

ಆಸ್ಪತ್ರೆಯಲ್ಲಿ ನಾಗವೇಣಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಪಾದದ ಗಂಟು ಕಣಕದ ಮುದ್ದೆಯ ಹಾಗೆ ಊದಿತ್ತು. ಅವಳು ಅಳುತ್ತಿರಲಿಲ್ಲ. ಅಳು ಬಂದಿದ್ದು ನನಗೆ. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ ಮೂಳೆ ಮುರಿದಿಲ್ಲ ಎಂದರು. ನರ ಎಳೆದಿದೆ, ನಾನು ಹೇಳುವವರೆಗೆ ಈ ಕಾಲು ನೆಲಕ್ಕೆ ಊರಬೇಡ ಎಂದರು. ಕೂಟದ ದಿನಕ್ಕೆ ಸರಿಹೋಗುತ್ತದೆಯೇ ಎಂದು ಅವಳು ಕೇಳಿದಳು. ಹೋಗಬಹುದು, ಹೋಗದೆಯೂ ಇರಬಹುದು, ಈಗಲೇ ಹೇಳಲಾರೆ ಎಂದರು. ನೆಲ ಬಿಡಬಾರದು ಎಂದು ಕೇಳಿದವಳಿಗೆ ನೆಲ ಮುಟ್ಟಲೂ ಬಾರದು ಎಂದು ಉತ್ತರ ಬಂತು ಎನಿಸಿ ನನಗೆ ಎದೆ ಒಡೆಯಿತು.

ಮಾರನೆಯ ದಿನವೇ ಯಜಮಾನರನ್ನು ಅವಳ ಹತ್ತಿರ ಬಿಟ್ಟು ನಾನು ಊರಿಗೆ ಬಂದು ಮರಡಿ ಹತ್ತಿದೆ. ಅಜ್ಜಿಗೆ ಎಲ್ಲ ಹೇಳಿದೆ. ಕೇಳಿದ್ದನ್ನು ವಾಪಸ್ ತೆಗೆದುಕೊಳ್ಳಬೇಕು, ಏನು ಮಾಡಬೇಕು ಹೇಳು ಎಂದು ಕಾಲು ಹಿಡಿದೆ. ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ನನ್ನನ್ನೇ ನೋಡಿದಳು.

"ವಾಪಸ್ ತಗಳಾಕೆ ಇದೇನು ಸೀರೆ ಅಂಗಡಿನೇನವ್ವ? ಬಣ್ಣ ಹಿಡಿಸ್ಲಿಲ್ಲ ಅಂದ್ರೆ ಬದಲಿ ಕೊಡಾಕೆ?"

ನಾನು ಜೋರಾಗಿ ಅತ್ತೆ. ಅಜ್ಜಿ ಸಮಾಧಾನ ಮಾಡಲಿಲ್ಲ. ತಪ್ಪು ಕಾಣಿಕೆ ಹಾಕಿಸಿದಳು, ಗುಡಿಯ ಅಂಗಳ ಗುಡಿಸಲು ಹೇಳಿದಳು, ಗುಡಿಸಿದೆ. ಹೊರಡುವಾಗ ಕರೆದಳು.

"ದೇವರ ಮುಂದೆ ತಪ್ಪಾತು ಅನ್ನೋದು ಸುಲಭ ಕಣೇ. ಅವಳು ತಿರುಗಿ ಮಾತಾಡಲ್ಲ. ನಿನ್ನ ತಂಗಿ ಮುಂದೆ ಹೇಳು."

ಹೇಳುತ್ತೇನೆ ಎಂದು ಬಂದೆ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಪ್ರತಿದಿನವೂ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳಿಗೆ ಎಣ್ಣೆ ಹಚ್ಚುವಾಗ, ಬಚ್ಚಲಿಗೆ ಹೆಗಲು ಕೊಟ್ಟು ಕರೆದೊಯ್ಯುವಾಗ, ತಲೆ ಬಾಚುವಾಗ ಮಾತು ನಾಲಿಗೆ ತುದಿಗೆ ಬರುತ್ತಿತ್ತು. ಬಾಯಿ ತೆರೆದರೆ ಚಹಾ ಕುಡೀತೀಯಾ ಎಂದು ಹೊರಗೆ ಬರುತ್ತಿತ್ತು. ಅಷ್ಟೊಂದು ಚಹಾ ಅವಳು ಜನ್ಮದಲ್ಲಿ ಕುಡಿದಿರಲಿಲ್ಲ. ಕೊನೆಗೆ ಅವಳೇ, ಅಕ್ಕ, ನನ್ನ ಕಾಲು ನೋಯ್ತಿರೋದು, ನಿನಗೆ ಯಾಕೆ ತಲೆ ಕೆಟ್ಟೈತೆ ಎಂದು ಕೇಳಿದಳು. ಮಂಚದ ಮೇಲೆ ಕೂತಲ್ಲೇ ಬೆಳ್ಳುಳ್ಳಿ ಸುಲಿದಳು, ಅವರೆ ಬಿಡಿಸಿದಳು, ಹೋಟೆಲಿನವರ ಹತ್ತಿರ ಫೋನಿನಲ್ಲಿ ಜಗಳವಾಡಿ ನನ್ನ ರೊಟ್ಟಿಗೆ ದರ ಏರಿಸಿಕೊಟ್ಟಳು. ನಾನು ಕೇಳಿದ್ದು ಇದನ್ನೇ ಅಲ್ಲವೇ, ಅವಳು ನನ್ನ ಪಕ್ಕ ಕೂತಿರಬೇಕು ಎಂದು. ಕೂತಿದ್ದಳು. ನನಗೆ ಅದರಲ್ಲಿ ಒಂದು ಚೂರೂ ಸುಖ ಇರಲಿಲ್ಲ. ಅವಳು ನನ್ನ ಕಣ್ಣು ತಪ್ಪಿಸಿ ಮಂಚದ ಅಂಚಿನಲ್ಲಿ ಬೆರಳುಗಳನ್ನು ಮೇಲೆ ಕೆಳಗೆ ಆಡಿಸುತ್ತಾ ಹಲ್ಲು ಕಚ್ಚುವುದನ್ನು ನೋಡಿದರೆ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಪ್ರತಿ ಶುಕ್ರವಾರ ಮರಡಿ ಹತ್ತಿದೆ. ಏನೂ ಕೇಳಲಿಲ್ಲ. ಕೇಳಲು ಭಯ. ಅಂಗಳ ಗುಡಿಸಿ ಬರುತ್ತಿದ್ದೆ.

ತಾಯಿ ದೊಡ್ಡವಳು. ಊತ ಇಳಿಯಿತು. ಡಾಕ್ಟರು ಕಾಲು ಊರು ಎಂದರು, ಆಮೇಲೆ ನಡೆ ಎಂದರು. ಅವಳು ಮೊದಲು ಮನೆಯೊಳಗೆ, ಆಮೇಲೆ ಓಣಿಯಲ್ಲಿ, ಆಮೇಲೆ ನ್ಯಾಮತಿ ರಸ್ತೆಯಲ್ಲಿ ನಡೆದಳು. ಬೆಂಗಳೂರಿಗೆ ಹೋದಾಗ ಅಲ್ಲಿನವರು ಪರೀಕ್ಷೆ ಮಾಡಿ, ಹೋಗಲಿ ಎಂದು ಒಪ್ಪಿದರು. ವಿಮಾನ ಹತ್ತುವ ಮುಂಚೆ ಫೋನು ಮಾಡಿದಳು. ನಾನು ಹೇಳಬೇಕಾದದ್ದು ಬಿಟ್ಟು ಹುಷಾರು, ಕಿಟಕಿ ಪಕ್ಕ ಕೂತರೆ ಶಾಲು ಹೊದ್ದುಕೋ ಎಂದೆ. ವಿಮಾನದ ಕಿಟಕಿ ತೆಗೆಯಲ್ಲ ಅಕ್ಕ ಎಂದು ನಕ್ಕಳು.

ಸ್ಪರ್ಧೆಯ ದಿನ ಬೆಳಗ್ಗೆ ನಾವೆಲ್ಲ ಹೋಟೆಲಿನಲ್ಲಿ ಸೇರಿದೆವು. ಅಲ್ಲಿ ನೆಟ್‌ವರ್ಕ್ ಸ್ವಲ್ಪ ಚೆನ್ನಾಗಿ ಸಿಗುತ್ತದೆ. ನೀರಿನ ಜಗ್ಗಿಗೆ ಫೋನು ಒರಗಿಸಿ ಇಟ್ಟರು. ಬಸ್ಸಿಗೆ ಕಾಯುವವರು, ಚಹಾ ಕುಡಿಯುವವರು, ಹಾಲಿನ ಕ್ಯಾನಿನವರು ಎಲ್ಲ ಸುತ್ತ ನಿಂತರು. ಹಿಂದೆ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ, ಮುಂದಿನವರು ಹೇಳಿದ್ದನ್ನೇ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು. ಹುಡುಗಿಯರೆಲ್ಲ ಒಂದೇ ರಸ್ತೆಯಲ್ಲಿ ಸುತ್ತು ಹೊಡೆಯುತ್ತಿದ್ದರು. ಇಪ್ಪತ್ತು ಕಿಲೋಮೀಟರ್ ನಡೆಯಬೇಕಂತೆ. ನಾನು ತಂಗಿ ಸ್ಪರ್ಧೆಯಲ್ಲಿ ನಡೆಯುವುದನ್ನು ನೋಡಿದ್ದು ಅದೇ ಮೊದಲು. ಇಷ್ಟು ವರ್ಷಗಳಲ್ಲಿ ಮೊದಲು.

ಬರುತ್ತಾ ಬರುತ್ತಾ ಗುಂಪು ಒಡೆಯಿತು. ಮುಂದೆ ಇಬ್ಬರು ಬಹಳ ದೂರ ಹೋಗಿಬಿಟ್ಟರು. ಅವರ ಹಿಂದೆ ನೆರೆ ದೇಶದ ಒಬ್ಬ ಎತ್ತರದ ಹುಡುಗಿ. ಅವಳ ಹಿಂದೆಯೇ ನಮ್ಮ ನಾಗವೇಣಿ. ರಸ್ತೆ ಬದಿಯಲ್ಲಿ ಅಲ್ಲಲ್ಲಿ ನಿಂತವರು ಬಗ್ಗಿ ಬಗ್ಗಿ ಹುಡುಗಿಯರ ಕಾಲನ್ನೇ ನೋಡುತ್ತಿದ್ದರು. ಇವರು ಯಾರು, ಏನು ಹುಡುಕುತ್ತಿದ್ದಾರೆ ಎಂದು ನಾನು ಕೇಳಿದೆ. ಯಜಮಾನರು ನನ್ನ ಕಡೆ ತಿರುಗಿ ನೋಡಿದರು.

"ನಿನಗೆ ಗೊತ್ತಿಲ್ವಾ? ಅವ್ರು ತೀರ್ಪುಗಾರರು ಕಣೇ. ನಡಿಗೆ ಅಂದ್ರೆ ಯಾವಾಗ್ಲೂ ಒಂದು ಕಾಲು ನೆಲದ ಮೇಲೆ ಇರಬೇಕು. ಎರಡೂ ಕಾಲು ನೆಲ ಬಿಟ್ರೆ ಅದು ಓಟ ಆಗ್ತೈತೆ. ಕೆಂಪು ಕಾರ್ಡ್ ಹಾಕ್ತಾರೆ. ಮೂರು ಬಿದ್ರೆ ಹೊರಗೆ."

ನಾನು ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟೆ. ಏನಂದಿರಿ, ಇನ್ನೊಂದು ಸಲ ಹೇಳಿ ಎಂದೆ. ಅವರು ಇನ್ನೊಂದು ಸಲ ಹೇಳಿದರು. ರಾಜ್ಯಮಟ್ಟದಲ್ಲಿ ಇವಳನ್ನು ಹೊರಗೆ ಹಾಕಿದ್ದೂ ಇದಕ್ಕೇ, ವೇಗ ಹೆಚ್ಚು ಮಾಡಿದರೆ ಇವಳ ಕಾಲು ನೆಲ ಬಿಡುತ್ತದೆ, ಮೊದಲಿನಿಂದಲೂ ಇವಳಿಗೆ ಇದೊಂದೇ ತೊಂದರೆ ಎಂದರು. ಪಂಕ್ಚರ್ ಹಾಕುವ ಅವಳ ಭಾವನಿಗೆ ಗೊತ್ತಿತ್ತು. ಸೊಂಟದ ಮೇಲೆ ಹೊತ್ತು ಸಾಕಿದ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ.

ಅಷ್ಟರಲ್ಲಿ ಮುಂದೆ ನಿಂತವರು ಅಯ್ಯೋ ಎಂದರು. ಬೋರ್ಡಿನಲ್ಲಿ ನಾಗವೇಣಿಯ ನಂಬರಿನ ಮುಂದೆ ಎರಡನೇ ಕೆಂಪು ಗುರುತು ಬಿದ್ದಿತ್ತು. ಎತ್ತರದ ಹುಡುಗಿಗೂ ಎರಡು ಬಿದ್ದಿದ್ದವು. ಇನ್ನು ಸ್ವಲ್ಪವೇ ದೂರ ಉಳಿದಿದೆ ಎಂದರು. ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಡೆಯುತ್ತಿದ್ದರು. ಹಾಲಿನ ಕ್ಯಾನಿನವನು ಬಿಡಬ್ಯಾಡ ನಾಗವ್ವ, ಜೋರು ನಡಿ, ಜೋರು ನಡಿ ಎಂದು ಫೋನಿಗೇ ಕೂಗಿದ. ಯಜಮಾನರು ಅವನ ಬಾಯಿ ಮುಚ್ಚಿಸಿದರು. ಜೋರು ಮಾಡಿದರೆ ಹೋಯಿತು, ನಿಧಾನ ನಡೆಯಲಿ ಎಂದರು.

ಆಗ ಫೋನಿನಲ್ಲಿ ಚಿತ್ರ ನಿಂತುಬಿಟ್ಟಿತು. ನಿಂತದ್ದಾದರೂ ಹೇಗೆ? ನಾಗವೇಣಿಯ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ಹಿಮ್ಮಡಿ ನೆಲಕ್ಕೆ ತಾಗಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಹೋಟೆಲಿನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ತಾಗೈತೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಒಬ್ಬರು ಫೋನನ್ನೇ ಓರೆ ಮಾಡಿ ನೋಡಿದರು, ಓರೆ ಮಾಡಿದರೆ ನೆಲ ಹತ್ತಿರ ಬರುತ್ತದೆಯೇನೋ ಎನ್ನುವ ಹಾಗೆ. ನನಗೆ ನಿಲ್ಲಲಾಗಲಿಲ್ಲ. ಅಷ್ಟು ಜನರ ನಡುವೆ ಮರಡಿಯ ಕಡೆ ತಿರುಗಿ ಕೈಮುಗಿದೆ. ಬಾಯಿಂದ ಮಾತು ತಾನಾಗೇ ಬಂತು, ಜೋರಾಗಿಯೇ ಬಂತು.

"ತಾಯಿ, ಅವಳ ಕಾಲು ನೆಲ ಬಿಡದಂಗೆ ಮಾಡು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅದೇ ಮಾತು. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಶ್ರಾವಣದಲ್ಲಿ ಹೊಟ್ಟೆಕಿಚ್ಚಿನಿಂದ ಕೇಳಿದ್ದನ್ನೇ ಈಗ ಪ್ರಾಣ ಕೈಯಲ್ಲಿ ಹಿಡಿದು ಕೇಳುತ್ತಿದ್ದೆ. ತಾಯಿ ಅವತ್ತೇ ಹೂ ಕೊಟ್ಟಿದ್ದಳು. ನನ್ನ ಮನಸ್ಸಿನ ಅರ್ಥಕ್ಕೆ ಕೊಟ್ಟಿರಲಿಲ್ಲ, ಮಾತಿಗೆ ಕೊಟ್ಟಿದ್ದಳು. ನಾನು ಶಾಪ ಹಾಕಲು ಹೋಗಿ, ನನ್ನ ತಂಗಿಗೆ ಯಾವುದು ಬೇಕೋ ಅದನ್ನೇ ಕೇಳಿ ಬಂದಿದ್ದೆ. ನನಗೆ ನಗುವೋ ಅಳುವೋ ಗೊತ್ತಾಗದೆ ಬೆಂಚಿನ ಮೇಲೆ ಕುಸಿದೆ. ಪಕ್ಕದವರು ನೀರು ಕೊಟ್ಟರು.

ಚಿತ್ರ ಮತ್ತೆ ಓಡಿತು. ಎತ್ತರದ ಹುಡುಗಿ ವೇಗ ಹೆಚ್ಚಿಸಿ ಮುಂದೆ ಹೋಗಿದ್ದಳು. ನಾಗವೇಣಿ ಹಿಂದೆ ಬಿದ್ದಿದ್ದಳು, ಆದರೆ ಅವಸರ ಮಾಡಲಿಲ್ಲ. ಕುರಿ ಹಿಂದೆ ನಡೆಯುತ್ತಿದ್ದಾಗಿನ ಹಾಗೆ ನೆಲ ಒತ್ತಿ ಒತ್ತಿ ನಡೆಯುತ್ತಿದ್ದಳು. ಗೆರೆ ಇನ್ನೇನು ಕಾಣುತ್ತಿದೆ ಎನ್ನುವಾಗ ಒಬ್ಬ ತೀರ್ಪುಗಾರರು ಮುಂದೆ ಬಂದು ಎತ್ತರದ ಹುಡುಗಿಗೆ ಕೆಂಪು ಹಲಗೆ ಎತ್ತಿ ತೋರಿಸಿದರು. ಮೂರನೆಯದು ಬಿದ್ದಿತ್ತು. ಹೋಟೆಲಿನಲ್ಲಿ ಛಾವಣಿ ಹಾರುವಂತೆ ಕೂಗಿದರು. ನಾಗವೇಣಿ ಮೂರನೆಯವಳಾಗಿ ಗೆರೆ ದಾಟಿದಳು. ಕಂಚಿನ ಪದಕ.

ನಾನೂ ಕೂಗಿದೆ. ಆದರೆ ಆ ಹುಡುಗಿ ಮುಖ ಮುಚ್ಚಿಕೊಂಡು ರಸ್ತೆ ಬದಿಗೆ ಸರಿಯುವುದು ಕಾಣಿಸಿತು. ಅವಳಿಗೂ ಮನೆಯಲ್ಲಿ ಒಬ್ಬ ಅಕ್ಕ ಇರಬಹುದು. ಯಾಕೆ ಹೊರಗೆ ಹಾಕಿದರು ಎಂದು ಆ ಅಕ್ಕ ಕೇಳಲಿ ತಾಯಿ ಎಂದು ಅವಳ ಪರವಾಗಿಯೂ ಒಂದು ಸಲ ಕೈಮುಗಿದೆ. ಆಮೇಲೆ ನಾಗವೇಣಿ ಹೇಳಿದಳು, ಸ್ಪರ್ಧೆ ಮುಗಿದ ಮೇಲೆ ಅವಳ ಪಕ್ಕ ಹೋಗಿ ಕೂತಿದ್ದಳಂತೆ. ಇವಳಿಗೆ ಅವಳ ಭಾಷೆ ಬರುವುದಿಲ್ಲ, ಅವಳಿಗೆ ಇವಳದು ಬರುವುದಿಲ್ಲ. ಇಬ್ಬರೂ ಒಂದೇ ಬಾಟಲಿ ನೀರು ಕುಡಿದರಂತೆ.

ಸವಳಂಗಕ್ಕೆ ಬಂದ ದಿನ ಊರೆಲ್ಲ ಹಾರ ಹಾಕಿತು. ಅದೆಲ್ಲ ಮುಗಿದ ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಹಿಟ್ಟು ನಾದಿಕೊಟ್ಟು ಹಂಚಿನ ಮುಂದೆ ಕೂತು ರೊಟ್ಟಿ ತಿರುವುತ್ತಿದ್ದಳು. ಚಹಾ ಕುಡೀತೀಯಾ ಎನ್ನುವ ಮಾತು ಬರುವ ಮುಂಚೆ ನಾನು ಬೇಗ ಬೇಗ ಹೇಳಿಬಿಟ್ಟೆ. ನೀನು ಹೋಗಬಾರದು ಎಂದು ನಾನು ತಾಯಿಗೆ ಹ‌ರಕೆ ಹೇಳಿಕೊಂಡಿದ್ದೆ, ಹೂವೂ ಆಗಿತ್ತು, ಅದೇ ದಿನ ನೀನು ಬಿದ್ದೆ ಎಂದೆ. ಅವಳ ಕೈ ನಿಂತಿತು.

"ಏನಂತ ಹೇಳ್ಕಂಡಿದ್ದೆ?"

"ನಿನ್ನ ಕಾಲು ನೆಲ ಬಿಡದಂಗೆ ಮಾಡು ಅಂತ."

ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ಅವಳು ನನ್ನನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ನಮ್ಮ ಕೋಚು ಇಷ್ಟು ವರ್ಷದಿಂದ ದಿನಾ ಬಡ್ಕೊಳ್ಳೋದು ಅದನ್ನೇ ಅಕ್ಕ. ಅವ್ರ ಕೈಲಿ ಆಗ್ಲಿಲ್ಲ. ನೀನು ಒಂದು ಸೀರೆಗೆ ಮಾಡಿಸಿದೆ."

ನಾನೂ ನಕ್ಕೆ. ಆದರೆ ಅವಳು ಬೇಗ ಸುಮ್ಮನಾದಳು. ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ನ್ಯಾಮತಿಯಲ್ಲಿ ನಿನ್ನ ಹೆಸರು ಹೇಳಲಿಲ್ಲ ಅಂತ ಹೀಗೆ ಮಾಡಿದೆಯಾ ಎಂದು ಕೇಳಿದಳು. ಹೌದು ಎಂದೆ. ನೀನು ಮರೆತೆ ಎಂದು ನೋವಾಯಿತು ಎಂದೆ.

"ಮರೆತಿದ್ದಲ್ಲ ಅಕ್ಕ. ಬೇಕು ಅಂತಾನೇ ಬಿಟ್ಟೆ."

ಯಾಕೆ ಎಂದು ಅವಳೇ ಹೇಳಿದಳು.

"ಇಷ್ಟು ವರ್ಷ ನಡೆದೆ. ನಮ್ಮೂರ ರಸ್ತೆಯಾಗೇ ನಡೆದೆ. ಒಂದಿನ ಬಂದು ನಿಂತು ನೋಡಿದೀಯಾ ನೀನು?"

ಇಲ್ಲ ಎಂದೆ. ತಾಯಿ ಎದುರು ತಪ್ಪಾಯಿತು ಎಂದಿದ್ದಕ್ಕಿಂತ ಇದು ಕಷ್ಟವಾಗಿತ್ತು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಇಬ್ಬರೂ ಉಳಿದ ರೊಟ್ಟಿ ಮಾಡಿದೆವು. ಕೊನೆಯ ರೊಟ್ಟಿ ತೆಗೆದಾಗ ಅವಳು ಕೈ ಒರೆಸಿಕೊಂಡು, ನಾಳೆ ಬೆಳಿಗ್ಗೆ ಬೇಗ ಏಳು, ನ್ಯಾಮತಿ ರಸ್ತೆಗೆ ನನ್ನ ಜೊತೆ ಬರುತ್ತೀಯ ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಆ ಶುಕ್ರವಾರ ಇಬ್ಬರೂ ಮರಡಿ ಹತ್ತಿ ತಾಯಿಗೆ ಹಸಿರು ಸೀರೆ ಉಡಿಸಿದೆವು. ತಂಗಿಯ ಮುಂದೆ ಹೇಳಿದೆಯಾ ಎಂದು ಅಜ್ಜಿ ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ನಾಗವೇಣಿ, ಹೇಳಿದಳು ಅಜ್ಜಿ, ನನ್ನದೂ ಒಂದು ತಪ್ಪು ಕಾಣಿಕೆ ಬಾಕಿ ಇದೆ, ಎಲ್ಲಿ ಹಾಕಬೇಕು ಎಂದಳು.

ಭಕ್ತರೇ, ಈ ತಾಯಿ ನಾವು ಕೇಳಿದ್ದನ್ನು ಕೊಡುತ್ತಾಳೆ ಎಂದು ನಾನು ಮೊದಲೂ ನಂಬಿದ್ದೆ. ನಮ್ಮ ಕೆಟ್ಟ ಬೇಡಿಕೆಯನ್ನೂ ತೊಳೆದು, ಒಳ್ಳೆಯದು ಮಾಡಿಯೇ ಕೊಡುತ್ತಾಳೆ ಎಂದು ಈಗ ನಂಬಿದ್ದೇನೆ. ಆದರೂ ಗುಡಿಗೆ ಹೋಗುವಾಗ ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡು ಹೋಗಬೇಡಿ. ಎಲ್ಲರಿಗೂ ನನ್ನ ಹಾಗೆ ಕೆಟ್ಟದ್ದು ಕೇಳಲು ಹೋದ ಮಾತು ಒಳ್ಳೆಯದಾಗಿ ತಿರುಗುವುದಿಲ್ಲ.

ಈಗ ನಾಗವೇಣಿ ರಜೆಗೆ ಬಂದಾಗಲೆಲ್ಲ ನಾನು ಬೆಳಿಗ್ಗೆ ನ್ಯಾಮತಿ ರಸ್ತೆಯಲ್ಲಿರುತ್ತೇನೆ. ಕಾಲು ನೋಡುವುದನ್ನು ಅವಳೇ ಕಲಿಸಿದ್ದಾಳೆ. ರಸ್ತೆ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ತಲೆ ನೆಲದ ಮಟ್ಟಕ್ಕೆ ಬಗ್ಗಿಸಿ, ಅವಳು ದಾಟುವಾಗ ಪಾದಗಳನ್ನೇ ನೋಡಬೇಕು. ಬಿಟ್ಟರೆ ಬಿಟ್ಟೆ ಎಂದು ಕೂಗಬೇಕು. ಮೊದಮೊದಲು ನನಗೆ ಏನೂ ತಿಳಿಯುತ್ತಿರಲಿಲ್ಲ, ಈಗ ತಿಳಿಯುತ್ತದೆ. ಓಣಿಯ ಹುಡುಗರು ಈಗ ಅವಳನ್ನು ನೋಡಿ ನಗುವುದಿಲ್ಲ, ನನ್ನನ್ನು ನೋಡಿ ನಗುತ್ತಾರೆ.

ಮೊನ್ನೆ ಹಾಗೇ ಬಗ್ಗಿ ಕೂತಿದ್ದಾಗ ಹೊನ್ನಾಳಿ ಬಸ್ಸು ಬಂದು ನಿಧಾನವಾಯಿತು. ಕಂಡಕ್ಟರು ಬಾಗಿಲಲ್ಲಿ ನಿಂತು ತಲೆ ಹೊರಗೆ ಹಾಕಿದ.

"ಏನ್ ಕಳ್ಕಂಡ್ರಿ ಅಕ್ಕಾರೆ? ಹುಡುಕಾಕೆ ಇಳೀಲಾ?"

ನಾಗವೇಣಿ ತಿರುವಿನಿಂದ ನನ್ನ ಕಡೆಗೇ ನಡೆದು ಬರುತ್ತಿದ್ದಳು, ಪಾದ ನೆಲ ಒತ್ತುವ ಸದ್ದು ಕೇಳಿಸುತ್ತಿತ್ತು.

ಏನೂ ಕಳೆದುಕೊಂಡಿಲ್ಲಪ್ಪ, ನೀನು ಹೋಗು ಎಂದೆ.